ಬಂಡೆ ಏರುವ ಗಾಡಿ: ಗಾಲಿ ಮೊದಲು, ಮೋಟಾರು ಕೊನೆಗೆ

ದೀಪಾವಳಿಯ ಸೂಟಿ ಮುಗಿಸಿಕೊಂಡು ಶಾಲೆಗೆ ಬರುವ ಮಕ್ಕಳ ಮಾತಿನಲ್ಲಿ ಈಗೀಗ ಪಟಾಕಿಗಿಂತ ಹೆಚ್ಚಾಗಿ ಕೇಳಿಬರುವ ಹೆಸರು ‘ರಾಕ್ ಕ್ರಾಲರ್’. ಕನ್ನಡದಲ್ಲಿ ಹೇಳುವುದಾದರೆ ಬಂಡೆಯ ಮೇಲೆ ತೆವಳುತ್ತ ಏರುವ ಗಾಡಿ. ದೊಡ್ಡ ಗಾಲಿ, ಎತ್ತರದ ಮೈ, ಕೈಯಲ್ಲೊಂದು ರಿಮೋಟು. ಗುಂಡಿ ಒತ್ತಿದರೆ ಗಾಡಿ ಕಲ್ಲು ಹತ್ತಬೇಕು, ಹೊಂಡ ದಾಟಬೇಕು. ಸಾಂಗ್ಲಿ, ಮಿರಜಗಳ ಪೇಟೆಯಲ್ಲಿ, ಊರ ಜಾತ್ರೆಯ ಆಟಿಕೆ ಅಂಗಡಿಯಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಮೊಬೈಲಿನ ಪರದೆಯ ಮೇಲೆ ಇವು ಬಗೆಬಗೆಯ ಬಣ್ಣದಲ್ಲಿ ಮಾರಾಟಕ್ಕಿವೆ.

ಮಕ್ಕಳು ಕೇಳುವ ಪ್ರಶ್ನೆ ಒಂದೇ: “ಯಾವುದು ಎಲ್ಲಕ್ಕಿಂತ ಛಲೋ?” ಪಾಲಕರು ಕೇಳುವ ಪ್ರಶ್ನೆಯೂ ಒಂದೇ: “ಇದರ ಅವಶ್ಯಕತೆಯಾದರೂ ಏನಿದೆ?” ಈ ಎರಡೂ ಪ್ರಶ್ನೆಗಳಿಗಿಂತ ಮೂರನೆಯದೊಂದು ಪ್ರಶ್ನೆ ಹೆಚ್ಚು ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ. ಕೊಂಡ ಗಾಡಿಯನ್ನು ಬಿಚ್ಚಿ ತಿದ್ದಲು ಬರುತ್ತದೆಯೇ, ಇಲ್ಲವೇ? ತಿದ್ದಲು ಬರುವುದಾದರೆ ಸೋವಿಯ ಗಾಡಿಯೂ ಒಂದು ಪ್ರಯೋಗಶಾಲೆ. ಬರದಿದ್ದರೆ ತುಟ್ಟಿಯ ಗಾಡಿಯೂ ಮೂರು ವಾರದ ಆಟ, ಆಮೇಲೆ ಅಟ್ಟದ ಮೇಲಿನ ಧೂಳು.

ಮೊದಲು ಈ ಆಟದ ಸ್ವರೂಪವನ್ನು ಸರಿಯಾಗಿ ತಿಳಿದುಕೊಳ್ಳೋಣ. ಮೋಟಾರು ಪಂದ್ಯಗಳೆಂದರೆ ವೇಗದ ಪಂದ್ಯಗಳೆಂದೇ ನಾವು ತಿಳಿದಿದ್ದೇವೆ. ಇಲ್ಲಿ ಮಾತು ತಿರುವುಮುರುವು. ಅಮೆರಿಕದ ಕಲ್ಲುಗುಡ್ಡಗಳಲ್ಲಿ ನಿಜವಾದ ಜೀಪುಗಳನ್ನು ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಬಂಡೆಯ ಮೇಲೆ ಹತ್ತಿಸುವ ಹವ್ಯಾಸವಿದೆ. ಅದರ ಪುಟ್ಟ ಪ್ರತಿರೂಪವೇ ಈ ಆಟ. ಇಲ್ಲಿ ನಿಧಾನವಾಗಿ ಹೋಗಬಲ್ಲ ಗಾಡಿಯೇ ಗೆಲ್ಲುತ್ತದೆ. ಧಡಧಡನೆ ಓಡುವ ಗಾಡಿ ಮೊದಲ ಕಲ್ಲಿಗೇ ಮುಗ್ಗರಿಸಿ ಅಂಗಾತ ಬೀಳುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಇದನ್ನು ಅರ್ಥಮಾಡಿಸಲು ಅಮೆರಿಕಕ್ಕೆ ಹೋಗಬೇಕಾಗಿಯೂ ಇಲ್ಲ. ಕಬ್ಬಿನ ಸುಗ್ಗಿಯಲ್ಲಿ ಎರೆಹೊಲದ ಕೆಸರಿನಿಂದ ತುಂಬಿದ ಟ್ರೇಲರನ್ನು ಎಳೆದು ರಸ್ತೆಗೆ ತರುವ ಟ್ರಾಕ್ಟರನ್ನು ನೋಡದ ವಿದ್ಯಾರ್ಥಿ ಸಾಂಗ್ಲಿ ಜಿಲ್ಲೆಯಲ್ಲಿ ಸಿಗಲಾರನು. ಆ ಟ್ರಾಕ್ಟರೇ ಈ ಆಟಿಕೆಯ ಹಿರಿಯಣ್ಣ. ಕೆಳಗೇರಿನ ಹಲ್ಲುಗಾಲಿ, ದೊಡ್ಡ ಗಾಲಿ, ಗಾಲಿಗೆ ಕಟ್ಟಿದ ಕಬ್ಬಿಣದ ತೂಕ, ಮುಂಭಾಗಕ್ಕೆ ಸಿಕ್ಕಿಸಿದ ತೂಕದ ಬಿಲ್ಲೆಗಳು, ಕಾಲಡಿಯ ‘ಡಿಫರೆನ್ಷಿಯಲ್ ಲಾಕ್’ ಎಂಬ ಪೆಡಲು, ಇವೆಲ್ಲವೂ ಈ ಲೇಖನದಲ್ಲಿ ಮುಂದೆ ಒಂದೊಂದಾಗಿ ಬರಲಿವೆ.

ಪೇಟೆಯಲ್ಲಿ ಸಿಗುವ ಗಾಡಿಗಳನ್ನು ಸ್ಥೂಲವಾಗಿ ಮೂರು ತರಗತಿಗಳಾಗಿ ವಿಂಗಡಿಸಬಹುದು. ಒಂದೆರಡು ಸಾವಿರ ರೂಪಾಯಿಯೊಳಗಿನವು ಶುದ್ಧ ಆಟಿಕೆಗಳು. ಇವುಗಳಲ್ಲಿ ಅನೇಕಕ್ಕೆ ಮುಂದಿನ ಅಚ್ಚಿಗೊಂದು, ಹಿಂದಿನ ಅಚ್ಚಿಗೊಂದು ಎಂದು ಎರಡು ಪುಟ್ಟ ಮೋಟಾರುಗಳಿರುತ್ತವೆ. ಹಲ್ಲುಗಾಲಿಗಳು ಪ್ಲಾಸ್ಟಿಕ್ಕಿನವು, ಟೈರು ಗಟ್ಟಿ. ಗುಂಡಿ ಒತ್ತಿದರೆ ಪೂರ್ಣ ವೇಗ, ಬಿಟ್ಟರೆ ನಿಲುಗಡೆ. ನಡುವೆ ಏನೂ ಇಲ್ಲ. ತಿರುವೂ ಹಾಗೆಯೇ: ಪೂರ್ಣ ಎಡ ಅಥವಾ ಪೂರ್ಣ ಬಲ.

ಎರಡನೆಯ ತರಗತಿಯಲ್ಲಿ ಚೀನದ ಡಬ್ಲ್ಯು.ಪಿ.ಎಲ್. ಮತ್ತು ಎಂ.ಎನ್. ಎಂಬ ಹೆಸರಿನ ಗಾಡಿಗಳಿವೆ. ಡಬ್ಲ್ಯು.ಪಿ.ಎಲ್. ಸಿ-24 ಎಂಬುದು ಹಳೆಯ ಟೊಯೋಟಾ ಪಿಕಪ್ಪಿನ ಹೋಲಿಕೆಯುಳ್ಳದ್ದು, ನಿಜವಾದ ಗಾಡಿಯ ಹದಿನಾರನೆಯ ಒಂದು ಭಾಗದ ಅಳತೆ. ಎಂ.ಎನ್. 90 ಎಂಬುದು ಲ್ಯಾಂಡ್ ರೋವರಿನ ಹೋಲಿಕೆಯುಳ್ಳದ್ದು, ಹನ್ನೆರಡನೆಯ ಒಂದು ಭಾಗದ ಅಳತೆ. ಕೆಲವು ಸಾವಿರ ರೂಪಾಯಿ ಬೀಳುತ್ತವೆ. ಇವುಗಳ ವಿಶೇಷವೆಂದರೆ ಏಣಿಯಂಥ ಚೌಕಟ್ಟು, ಒಂದೇ ಮೋಟಾರಿನಿಂದ ದಂಡಗಳ ಮೂಲಕ ನಾಲ್ಕೂ ಗಾಲಿಗಳಿಗೆ ಹರಿಯುವ ಶಕ್ತಿ, ಎಲ್ಲೆಡೆ ಸ್ಕ್ರೂ, ಬಿಡಿಬಿಡಿಯಾಗಿ ಸಿಗುವ ಭಾಗಗಳು. ಮೂರನೆಯ ತರಗತಿ ಹವ್ಯಾಸಿಗಳದ್ದು. ಟ್ರಾಕ್ಸಸ್ ಕಂಪನಿ 2022 ರಲ್ಲಿ ಹೊರತಂದ ಟಿ.ಆರ್.ಎಕ್ಸ್. 4-ಎಂ ಹದಿನೆಂಟನೆಯ ಒಂದು ಭಾಗದ ಅಳತೆಯ ಪುಟ್ಟ ಗಾಡಿ.  ಬಿಡುಗಡೆಯಾದಾಗ ಅಮೆರಿಕದಲ್ಲಿ ಅದರ ಬೆಲೆ ನೂರೈವತ್ತು ಡಾಲರಿನ ಆಸುಪಾಸು. ಅಲ್ಲಿ ಅದು ‘ಸೋವಿಯ’ ಗಾಡಿ! ನಮ್ಮಲ್ಲಿಗೆ ಬರುವಷ್ಟರಲ್ಲಿ ಅದು ಸೋವಿಯಾಗಿ ಉಳಿಯುವುದಿಲ್ಲ. ಆಟಿಕೆಗಳ ಮೇಲಿನ ನಮ್ಮ ದೇಶದ ಆಮದು ಸುಂಕವು 2020 ರಲ್ಲಿ ಶೇ. 20 ರಿಂದ ಶೇ. 60 ಕ್ಕೂ, 2023 ರಲ್ಲಿ ಶೇ. 70 ಕ್ಕೂ ಏರಿತು. ಸುಂಕ ಏರಿಸಿದ್ದರ ಉದ್ದೇಶ ನಮ್ಮಲ್ಲೇ ಆಟಿಕೆಗಳು ತಯಾರಾಗಲಿ ಎಂಬುದು. ಅದು ಒಳ್ಳೆಯ ಉದ್ದೇಶವೇ. ಆದರೆ ತಯಾರಿಸಲು ಕಲಿಯುವವರು ಎಲ್ಲಿಂದ ಬರಬೇಕು ಎಂಬುದು ನಮ್ಮ ಶಾಲೆಗಳ ಪ್ರಶ್ನೆ.

ಪಾಲಕರಿಗೆ ಇಲ್ಲಿ ಒಂದು ಮಾತು. 2021 ರ ಜನವರಿ 1 ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಡಬ್ಬಿಯ ಮೇಲೆ ಆ ಗುರುತನ್ನು ನೋಡಿಯೇ ಕೊಳ್ಳಿರಿ. ಎಷ್ಟು ಸೋವಿಯಾಗಿದ್ದರೂ ಹಾಳು ಬ್ಯಾಟರಿಯ ಗಾಡಿ ಮನೆಗೆ ಬೇಡ.

ಅಂಗಡಿಯಲ್ಲಿ ನಿಂತು ಗಾಡಿಗಳನ್ನು ಹೋಲಿಸುವುದು ಹೇಗೆ? ಡಬ್ಬಿಯ ಮೇಲಿನ ಚಿತ್ರವನ್ನು ನಂಬಬಾರದು. ಆ ಚಿತ್ರದಲ್ಲಿ ಎಲ್ಲ ಗಾಡಿಗಳೂ ಹಿಮಾಲಯವನ್ನೇ ಏರುತ್ತಿರುತ್ತವೆ. ಬಿಡಿಗಾಸೂ ಖರ್ಚಿಲ್ಲದ ಪರೀಕ್ಷೆಗಳಿವೆ. ಗಾಡಿಯನ್ನು ಎತ್ತಿ ಹಿಡಿದು ಮುಂದಿನ ಎಡಗಾಲಿಯನ್ನು ಕೈಯಿಂದ ಮೆಲ್ಲಗೆ ತಿರುಗಿಸಿರಿ. ಬಲಗಾಲಿ ವಿರುದ್ಧ ದಿಕ್ಕಿಗೆ ತಿರುಗಿದರೆ ಆ ಅಚ್ಚಿನಲ್ಲಿ ಡಿಫರೆನ್ಷಿಯಲ್ ಇದೆ ಎಂದರ್ಥ. ಅದೇ ದಿಕ್ಕಿಗೆ ಜೊತೆಯಾಗಿ ತಿರುಗಿದರೆ, ಅಥವಾ ಎರಡೂ ಬಿಗಿಯಾಗಿ ನಿಂತರೆ, ಅಚ್ಚು ‘ಲಾಕ್’ ಆಗಿದೆ ಎಂದರ್ಥ. ರಸ್ತೆಯ ಮೇಲೆ ಓಡುವ ಕಾರಿಗೆ ಡಿಫರೆನ್ಷಿಯಲ್ ಬೇಕೇ ಬೇಕು, ಏಕೆಂದರೆ ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕಾಗುತ್ತದೆ. ಆದರೆ ಬಂಡೆಯ ಮೇಲೆ ಒಂದು ಗಾಲಿ ಗಾಳಿಯಲ್ಲಿ ನೇತಾಡಿತೆನ್ನಿ, ಡಿಫರೆನ್ಷಿಯಲ್ ಇದ್ದ ಗಾಡಿಯಲ್ಲಿ ಆ ನೇತಾಡುವ ಗಾಲಿಯೇ ಗಿರಗಿರ ತಿರುಗುತ್ತದೆ, ನೆಲದ ಮೇಲಿನ ಗಾಲಿ ಸುಮ್ಮನೆ ನಿಲ್ಲುತ್ತದೆ. ಟ್ರಾಕ್ಟರಿನ ಒಂದು ಗಾಲಿ ಕೆಸರಿನಲ್ಲಿ ಹೂತು ತಿರುಗತೊಡಗಿದಾಗ ಚಾಲಕನು ಕಾಲಡಿಯ ಪೆಡಲನ್ನು ಒತ್ತಿ ಎರಡೂ ಗಾಲಿಗಳನ್ನು ಒಂದಾಗಿ ಕಟ್ಟುವುದು ಇದೇ ಕಾರಣಕ್ಕೆ. ಆದುದರಿಂದ ಬಂಡೆ ಏರುವ ಆಟಿಕೆಗೆ ಲಾಕ್ ಆದ ಅಚ್ಚೇ ಬೇಕು.

ಇನ್ನೊಂದು ಪರೀಕ್ಷೆ ಹೆಬ್ಬೆರಳಿನದು. ಟೈರಿನ ಮೇಲೆ ಉಗುರು ಒತ್ತಿದರೆ ಕುಳಿ ಬೀಳಬೇಕು, ಬಿಟ್ಟರೆ ಕುಳಿ ಮಾಯವಾಗಬೇಕು. ಆಮೇಲೆ ರಿಮೋಟಿನ ಗುಂಡಿಯನ್ನು ಅರ್ಧ ಒತ್ತಿ ನೋಡಿರಿ, ಗಾಡಿ ಅರ್ಧ ವೇಗದಲ್ಲಿ ಹೋಗುತ್ತದೆಯೇ? ಕೊನೆಯದಾಗಿ ಗಾಡಿಯನ್ನು ಮಗುಚಿ ಸ್ಕ್ರೂಗಳನ್ನು ಎಣಿಸಿರಿ. ಅಂಟಿನಿಂದ ಕೂಡಿಸಿದ ಗಾಡಿ ಒಮ್ಮೆ ಕೆಟ್ಟರೆ ಕಸ. ಸ್ಕ್ರೂ ಇರುವ ಗಾಡಿ ಕೆಟ್ಟರೆ ಪಾಠ. ಇನ್ನೊಂದು ಸಣ್ಣ ಮಾತು: ಹಳೆಯ ಬಗೆಯ 27 ಮೆಗಾಹರ್ಟ್ಸ್ ರಿಮೋಟುಗಳಿದ್ದರೆ ಇಬ್ಬರು ಒಟ್ಟಿಗೆ ಆಡುವಾಗ ಒಬ್ಬನ ರಿಮೋಟಿಗೆ ಇನ್ನೊಬ್ಬನ ಗಾಡಿ ಓಡಿ ಜಗಳವಾಗುವ ಸಂಭವವುಂಟು. 2.4 ಗಿಗಾಹರ್ಟ್ಸ್‌ನವು ತಮ್ಮ ಗಾಡಿಯನ್ನೇ ಗುರುತಿಸಿ ಜೋಡಿಯಾಗುತ್ತವೆ.

ಇನ್ನು ತಿದ್ದುವ ಮಾತು. ನನ್ನ ವಾದದ ತಿರುಳು ಇಲ್ಲಿದೆ.

ಗಾಡಿ ಗುಡ್ಡ ಏರದಿದ್ದರೆ ಹುಡುಗರೆಲ್ಲರ ಬಾಯಲ್ಲಿ ಬರುವ ಮೊದಲ ಮಾತು “ಮೋಟಾರು ಸಾಲದು, ದೊಡ್ಡದು ಹಾಕಬೇಕು” ಎಂಬುದು. ಎರಡನೆಯ ಮಾತು “ಬ್ಯಾಟರಿ ಸಾಲದು” ಎಂಬುದು. ಇದು ನಿಜವೇ ಎಂದು ಒಂಬತ್ತನೆಯ ತರಗತಿಯ ವಿಜ್ಞಾನದಿಂದಲೇ ಲೆಕ್ಕ ಹಾಕೋಣ. ಗಾಡಿಯ ತೂಕ 800 ಗ್ರಾಂ ಎಂದಿಟ್ಟುಕೊಳ್ಳೋಣ. ಭೂಮಿ ಅದನ್ನು ಎಳೆಯುವ ಬಲ 0.8 × 9.8, ಅಂದರೆ 7.84 ನ್ಯೂಟನ್. 30 ಡಿಗ್ರಿ ಏರಿನ ಮೇಲೆ ಇದರ ಅರ್ಧ ಭಾಗ, ಅಂದರೆ 3.92 ನ್ಯೂಟನ್ ಬಲ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ. ಗಾಡಿಯು ಸೆಕೆಂಡಿಗೆ 10 ಸೆಂಟಿಮೀಟರಿನಂತೆ ಏರುವುದಾದರೆ ಬೇಕಾಗುವ ಶಕ್ತಿ 3.92 × 0.1, ಅಂದರೆ 0.39 ವ್ಯಾಟ್. ಅರ್ಧ ವ್ಯಾಟೂ ಇಲ್ಲ! ಈಗ ಬ್ಯಾಟರಿಯನ್ನು ನೋಡಿರಿ. 3.7 ವೋಲ್ಟಿನ ಬ್ಯಾಟರಿಯಿಂದ 1 ಆಂಪಿಯರ್ ವಿದ್ಯುತ್ತು ಹರಿದರೆ 3.7 ವ್ಯಾಟ್. ಮೋಟಾರಿನಲ್ಲಿ, ಹಲ್ಲುಗಾಲಿಗಳಲ್ಲಿ ಅದರ ಮೂರರಲ್ಲಿ ಎರಡು ಪಾಲು ಬಿಸಿಯಾಗಿ ಹಾಳಾದರೂ ಉಳಿದದ್ದು ಬೇಕಾದದ್ದರ ಮೂರು ಪಟ್ಟಿಗೆ ಸಮೀಪ. ಹಾಗಾದರೆ ಕೊರತೆ ಇರುವುದು ಶಕ್ತಿಯದಲ್ಲ. ಆ ಶಕ್ತಿ ನೆಲಕ್ಕೆ ತಲುಪುತ್ತಿಲ್ಲ. ಗಾಲಿ ಜಾರುತ್ತಿದೆ, ಇಲ್ಲವೆ ಗಾಡಿ ಮಗುಚುತ್ತಿದೆ, ಇಲ್ಲವೆ ವೇಗದಲ್ಲಿ ವ್ಯರ್ಥವಾಗುತ್ತಿದೆ. ಮೋಟಾರನ್ನು ದೊಡ್ಡದು ಮಾಡಿದರೆ ಈ ಮೂರೂ ದೋಷಗಳು ದೊಡ್ಡವಾಗುತ್ತವೆ, ಮೇಲಾಗಿ ಪ್ಲಾಸ್ಟಿಕ್ ಹಲ್ಲುಗಳು ಮುರಿದು ಬೀಳುತ್ತವೆ.

ಆದುದರಿಂದ ಮೊದಲ ಖರ್ಚು ಟೈರಿಗೆ. ಖರ್ಚೆಂದರೆ ಏನು ಖರ್ಚು? ಸೈಕಲ್ ರಿಪೇರಿ ಅಂಗಡಿಯಲ್ಲಿ ಹಳೆಯ ಟ್ಯೂಬಿನ ತುಂಡನ್ನು ಕೇಳಿದರೆ ಪುಕ್ಕಟೆಯಾಗಿಯೇ ಕೊಡುತ್ತಾರೆ. ಅದನ್ನು ಪಟ್ಟಿಯಾಗಿ ಕತ್ತರಿಸಿ ಗಟ್ಟಿ ಟೈರಿನ ಮೇಲೆ ಅಡ್ಡಡ್ಡಲಾಗಿ ಅಂಟಿಸಬಹುದು. ಟೈರು ಪೊಳ್ಳಾಗಿದ್ದು ಮೆತ್ತಗಿದ್ದರೆ ಒಳಗೆ ಸ್ಪಂಜಿನ ತುಂಡುಗಳನ್ನು ತುಂಬಬೇಕು. ತೀರ ಬಿಗಿಯಾಗಿ ತುಂಬಬಾರದು, ಬೆರಳಿನಿಂದ ಒತ್ತಿದರೆ ಟೈರು ಕಲ್ಲಿನ ಮೂಲೆಗೆ ಹೊಂದಿಕೊಳ್ಳುವಂತಿರಬೇಕು. ಹೊಸ ಟೈರಿನ ಮೇಲ್ಮೈಯ ಹೊಳಪನ್ನು ಉಸುಕಿನ ಕಾಗದದಿಂದ ತಿಕ್ಕಿ ತೆಗೆದರೂ ಹಿಡಿತ ಹೆಚ್ಚುತ್ತದೆ. ಇಷ್ಟರಿಂದಲೇ ಕಾಣುವ ಬದಲಾವಣೆಯು ಸಾವಿರ ರೂಪಾಯಿಯ ಮೋಟಾರಿನಿಂದ ಕಾಣಿಸದು.

ಕೆಲವರು ಗಾಲಿಯನ್ನೇ ದೊಡ್ಡದು ಮಾಡುತ್ತಾರೆ. ಅದರಲ್ಲಿ ಲಾಭವೂ ಇದೆ, ನಷ್ಟವೂ ಇದೆ. 60 ಮಿಲಿಮೀಟರ್ ವ್ಯಾಸದ ಗಾಲಿಯ ಬದಲು 75 ಮಿಲಿಮೀಟರಿನದನ್ನು ಹಾಕಿದರೆ ಅಚ್ಚು ಏಳೂವರೆ ಮಿಲಿಮೀಟರು ಮೇಲೇಳುತ್ತದೆ, ಕಲ್ಲಿಗೆ ತಾಗುವುದಿಲ್ಲ. ಆದರೆ ಅದೇ ಮೋಟಾರು, ಅದೇ ಹಲ್ಲುಗಾಲಿ ಇದ್ದು ನೆಲವನ್ನು ತಳ್ಳುವ ಬಲ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ, ಗಾಡಿಯ ತೂಕದ ಕೇಂದ್ರವೂ ಮೇಲಕ್ಕೇರುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾಗುತ್ತದೆ ಎಂಬುದನ್ನು ಯಂತ್ರಗಳು ಬೇಗ ಕಲಿಸುತ್ತವೆ.

ಎರಡನೆಯದು ತೂಕ. ಇಲ್ಲಿ ಬಹಳ ಜನ ಎಡವುತ್ತಾರೆ. “ಭಾರ ಹೆಚ್ಚಾದರೆ ಹಿಡಿತ ಹೆಚ್ಚುತ್ತದೆ” ಎಂದು ಗಾಡಿಯ ಮೈಮೇಲೆ ಕಲ್ಲು ಹೇರುತ್ತಾರೆ. ಘರ್ಷಣೆ ಹೆಚ್ಚುವುದು ನಿಜ, ಆದರೆ ಹಿಂದಕ್ಕೆ ಜಗ್ಗುವ ಬಲವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಜಾರತೊಡಗುವ ಕೋನವು ಬದಲಾಗುವುದೇ ಇಲ್ಲ. ಘರ್ಷಣ ಗುಣಾಂಕ 0.8 ಇದ್ದರೆ ಗಾಡಿ ಒಂದು ಕಿಲೋ ಇರಲಿ, ಐದು ಕಿಲೋ ಇರಲಿ, ನಯವಾದ ಏರಿನ ಮೇಲೆ ಸುಮಾರು 39 ಡಿಗ್ರಿಗೆ ಜಾರಲೇಬೇಕು. ಹಾಗಾದರೆ ತೂಕ ಏಕೆ ಹಾಕಬೇಕು? ಜಾರದಿರಲೆಂದು ಅಲ್ಲ, ಮಗುಚದಿರಲೆಂದು. ಅದಕ್ಕಾಗಿ ತೂಕವು ಕೆಳಗಿರಬೇಕು, ಮುಂದಿರಬೇಕು.

ಇದನ್ನೂ ಅಳೆದು ನೋಡಬಹುದು. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 200 ಮಿಲಿಮೀಟರ್ ಅಂತರವಿದ್ದು, ಗುರುತ್ವ ಕೇಂದ್ರವು ಸರಿಯಾಗಿ ನಡುವೆ, ನೆಲದಿಂದ 80 ಮಿಲಿಮೀಟರ್ ಎತ್ತರದಲ್ಲಿದೆ ಎನ್ನೋಣ. ಗಾಡಿ ಹಿಂದಕ್ಕೆ ಮಗುಚುವುದು ಸುಮಾರು 51 ಡಿಗ್ರಿಗೆ. ಮುಂದಿನ ಗಾಲಿಗಳೊಳಗೆ ಕಬ್ಬಿಣದ ವಾಷರುಗಳನ್ನು ಕೂಡಿಸಿ ಕೇಂದ್ರವನ್ನು 20 ಮಿಲಿಮೀಟರ್ ಮುಂದಕ್ಕೂ 10 ಮಿಲಿಮೀಟರ್ ಕೆಳಕ್ಕೂ ತಂದರೆ ಮಗುಚುವ ಕೋನ ಸುಮಾರು 60 ಡಿಗ್ರಿಗೆ ಏರುತ್ತದೆ. ಜಾರುವುದೇ 39 ಕ್ಕೆ ಆದಮೇಲೆ 60 ರ ಲಾಭವೇನು ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ನಯವಾದ ಹಲಗೆಯ ಮೇಲೆ ಲಾಭವಿಲ್ಲ, ನಿಜ. ಆದರೆ ಬಂಡೆ ಹಲಗೆಯಲ್ಲ. ಮುಂದಿನ ಗಾಲಿಗಳು ಒಂದು ಮೆಟ್ಟಿಲನ್ನು ಹತ್ತಿದ ಕ್ಷಣದಲ್ಲಿ ಗಾಡಿಯ ಮೈ ಏರಿಗಿಂತಲೂ ಹೆಚ್ಚು ವಾಲಿರುತ್ತದೆ. ಗಾಡಿಗಳು ಮಗುಚುವುದು ಆಗಲೇ. ಟ್ರಾಕ್ಟರಿನ ಮೂತಿಗೆ ಸಿಕ್ಕಿಸಿದ ಕಬ್ಬಿಣದ ಬಿಲ್ಲೆಗಳ ಗುಟ್ಟು ಇದೇ.

ವಾಷರುಗಳು ಹಾರ್ಡ್‌ವೇರ್ ಅಂಗಡಿಯಲ್ಲಿ ತೂಕದ ಮೇಲೆ ಸಿಗುತ್ತವೆ. ಕುಪವಾಡದ ಕಾರ್ಖಾನೆಗಳ ಕಡೆ ಪರಿಚಯವಿದ್ದವರು ಹಿತ್ತಾಳೆಯ ಬಳೆಯನ್ನೇ ಲೇಥಿನ ಮೇಲೆ ತಿರುಗಿಸಿಕೊಂಡು ಬರಬಹುದು. ಟೈರಿನ ಅಂಗಡಿಯ ಸೀಸದ ತುಂಡುಗಳನ್ನು ಮಾತ್ರ ತರಬೇಡಿರಿ. ಸೀಸವು ವಿಷ, ಮಕ್ಕಳ ಕೈಗೆ ಸಲ್ಲದು.

ಮೂರನೆಯದು ಗಾಲಿಗಳ ಆಟ. ಒಂದು ಗಾಲಿ ಕಲ್ಲಿನ ಮೇಲೇರಿದಾಗ ಉಳಿದ ಮೂರೂ ನೆಲವನ್ನು ಬಿಡದಂತೆ ಅಚ್ಚುಗಳು ತಿರುಚಿಕೊಳ್ಳಬೇಕು. ಅನೇಕ ಗಾಡಿಗಳಲ್ಲಿ ಸ್ಪ್ರಿಂಗು ತೀರ ಗಟ್ಟಿ. ಪೆನ್ನಿನೊಳಗಿನ ಮೃದು ಸ್ಪ್ರಿಂಗನ್ನು ಹೊಂದಿಸಿ ನೋಡಿದವರಿಗೆ ವ್ಯತ್ಯಾಸ ತಾನೇ ಕಾಣುವುದು. ಪುಸ್ತಕವೊಂದನ್ನು ಒಂದು ಗಾಲಿಯ ಕೆಳಗಿಟ್ಟು, ಉಳಿದವು ನೆಲಕ್ಕೆ ತಾಗಿವೆಯೇ ಎಂದು ಕಾಗದದ ಚೂರನ್ನು ತೂರಿಸಿ ಪರೀಕ್ಷಿಸಿರಿ.

ನಾಲ್ಕನೆಯದು ಹಲ್ಲುಗಾಲಿ. 10 ಹಲ್ಲಿನ ಸಣ್ಣ ಗಾಲಿಯು 40 ಹಲ್ಲಿನ ದೊಡ್ಡದನ್ನು ತಿರುಗಿಸಿದರೆ ವೇಗ ನಾಲ್ಕನೆಯ ಒಂದು ಭಾಗ, ತಿರುಗುಬಲ ಹೆಚ್ಚುಕಡಿಮೆ ನಾಲ್ಕು ಪಟ್ಟು. 10 ರ ಬದಲು 8 ಹಲ್ಲಿನದನ್ನು ಹಾಕಿದರೆ ಐದು ಪಟ್ಟು. ಎರಡನೆಯ ತರಗತಿಯ ಗಾಡಿಗಳಲ್ಲಿ ಇದನ್ನು ಬದಲಿಸುವುದು ಸಾಧ್ಯ. ಆಟಿಕೆಗಳಲ್ಲಿ ಸಾಮಾನ್ಯವಾಗಿ ಸಾಧ್ಯವಿಲ್ಲ, ಅಲ್ಲಿ ಕೈಬಿಡಬೇಕು.

ಬ್ಯಾಟರಿಯ ವಿಷಯದಲ್ಲಿ ನಾನು ಕಠಿಣನೇ ಸರಿ. 3.7 ವೋಲ್ಟಿಗೆಂದು ಮಾಡಿದ ಗಾಡಿಗೆ 7.4 ವೋಲ್ಟಿನ ಬ್ಯಾಟರಿ ಹಾಕಿದರೆ ಗಾಡಿ ಒಂದು ದಿನ ಹುಲಿಯಂತೆ ಓಡುವುದು, ಮರುದಿನ ಒಳಗಿನ ಸರ್ಕಿಟ್ಟು ಸುಟ್ಟ ವಾಸನೆ ಬರುವುದು. ಲಿಥಿಯಂ ಬ್ಯಾಟರಿಯನ್ನು ಹಾಸಿಗೆಯ ಮೇಲಿಟ್ಟು, ಅಥವಾ ರಾತ್ರಿ ಮಲಗಿದಾಗ ಚಾರ್ಜಿಗೆ ಹಾಕಬಾರದು. ಉಬ್ಬಿದ್ದನ್ನು ಮುಟ್ಟಬಾರದು, ಚುಚ್ಚಬಾರದು. ಕಲ್ಲುಹಾಸಿನ ನೆಲದ ಮೇಲೆ ಹಿರಿಯರ ಕಣ್ಣೆದುರಿಗೆ ಚಾರ್ಜು ಮಾಡಬೇಕು. 500 ಮಿಲಿಆಂಪಿಯರ್-ತಾಸಿನ ಬ್ಯಾಟರಿಯಿಂದ 1 ಆಂಪಿಯರ್ ಹರಿದರೆ ಅರ್ಧ ತಾಸಿನ ಆಟ. ಅಭ್ಯಾಸದ ದೃಷ್ಟಿಯಿಂದ ನೋಡಿದರೆ ಅರ್ಧ ತಾಸೇ ಸಾಕೆಂದು ಪಾಲಕರು ಒಪ್ಪುವರು!

ಮೋಟಾರು ಕೊನೆಗೆ. ಮೇಲಿನದೆಲ್ಲ ಆದಮೇಲೂ ಗಾಡಿ ಏರಿನಲ್ಲಿ ಗಾಲಿ ಜಾರದೆ, ಮಗುಚದೆ, ಸುಮ್ಮನೆ ನಿಂತುಬಿಡುತ್ತದೆ ಎಂದಾದರೆ ಆಗ ಮಾತ್ರ ಮೋಟಾರಿನ ಮೇಲೆ ಅನುಮಾನ ಪಡಬೇಕು.

ಇದಕ್ಕೆ ಎದುರಾಗಿ ಹೇಳುವವರಿದ್ದಾರೆ. “ವರ್ಷಕ್ಕೊಂದರಂತೆ ಮೂರು ಸೋವಿಯ ಗಾಡಿ ಮುರಿಯುವುದಕ್ಕಿಂತ ಒಮ್ಮೆಗೇ ಒಂದು ಒಳ್ಳೆಯದನ್ನು ಕೊಳ್ಳುವುದು ಲೇಸಲ್ಲವೇ?” ಎಂಬ ಮಾತಿನಲ್ಲಿ ಸತ್ಯವಿದೆ. ಗುಂಡಿಗೆ ಅರ್ಧ ವೇಗವೇ ಗೊತ್ತಿಲ್ಲದ ಆಟಿಕೆಯನ್ನು ಎಷ್ಟು ತಿದ್ದಿದರೂ ಅದಕ್ಕೊಂದು ಮಿತಿ ಇದೆ. ಅಂಟಿಸಿದ ಗಾಡಿಗಂತೂ ತಿದ್ದುಪಡಿಯೇ ಇಲ್ಲ. ಆದುದರಿಂದ ನನ್ನ ಸೂಚನೆ ಹೀಗಿದೆ: ಮನೆಮನೆಗೊಂದು ತುಟ್ಟಿಯ ಗಾಡಿ ಬೇಡ, ಶಾಲೆಗೊಂದು ಎರಡನೆಯ ತರಗತಿಯ ಗಾಡಿ ಇರಲಿ, ಬಿಚ್ಚಲು ಮತ್ತು ಜೋಡಿಸಲು. ಕೂಲಿನಾಲಿ ಮಾಡಿ ಮಕ್ಕಳನ್ನು ಓದಿಸುವ ಪಾಲಕರು ನಮ್ಮಲ್ಲಿ ಅನೇಕರಿದ್ದಾರೆ. ಗೆಳೆಯನ ಕೈಯಲ್ಲಿರುವುದು ತನಗಿಲ್ಲವೆಂದು ಒಬ್ಬ ಹುಡುಗ ಮೂಲೆಯಲ್ಲಿ ನಿಲ್ಲುವಂಥ ಆಟವನ್ನು ಶಾಲೆ ಬೆಳೆಸಬಾರದು. ಹುಡುಗಿಯರ ಕೈಗೂ ಸ್ಕ್ರೂ ಡ್ರೈವರು ಬರಬೇಕು. ಹೊಲಿಗೆ ಯಂತ್ರದ ನೂಲಿನ ಬಿಗಿತವನ್ನು ತಾಯಂದಿರಿಂದ ನೋಡಿ ಕಲಿತ ಹುಡುಗಿಗೆ ಸ್ಪ್ರಿಂಗಿನ ಬಿಗಿತ ಹೊಸದಾಗಿ ಹೇಳಿಕೊಡಬೇಕಾದುದೇನಲ್ಲ.

“ಇದರಿಂದ ಎಸ್.ಎಸ್.ಸಿ.ಯಲ್ಲಿ ಎಷ್ಟು ಅಂಕ ಬರುತ್ತವೆ?” ಎಂದು ಕೇಳುವವರಿಗೆ ಉತ್ತರ ಸುಲಭವಲ್ಲ. ಆದರೆ ಗಡಿಯೀಚೆಗಿನ ಕನ್ನಡ ಮಕ್ಕಳ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಮನೆಯಲ್ಲಿ, ಶಾಲೆಯಲ್ಲಿ ನಮ್ಮದು ಕನ್ನಡ, ಪೇಟೆಯಲ್ಲಿ ಮರಾಠಿ, ಡಬ್ಬಿಯ ಮೇಲೆ ಇಂಗ್ಲಿಷು. ಮಿರಜ ತಾಲೂಕಿನ ಪೂರ್ವಭಾಗವಿರಲಿ, ಜತ್ತ ತಾಲೂಕಿರಲಿ, ಎಲ್ಲೆಡೆ ಇದೇ ಕತೆ. ಹೀಗಾಗಿ ಘರ್ಷಣೆ, ಗುರುತ್ವ ಕೇಂದ್ರ, ತಿರುಗುಬಲ ಎಂಬ ಮಾತುಗಳು ನಮ್ಮ ಮಕ್ಕಳಿಗೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮಾತ್ರ ಬದುಕುತ್ತವೆ, ಬಜಾರಕ್ಕೆ ಹೋದೊಡನೆ ಸಾಯುತ್ತವೆ. ಮರಾಠಿಯವರು ‘ಘರ್ಷಣ’ ಎನ್ನುವುದು ನಮ್ಮ ಘರ್ಷಣೆಯನ್ನೇ, ‘ಗುರುತ್ವಮಧ್ಯ’ ಎನ್ನುವುದು ನಮ್ಮ ಗುರುತ್ವ ಕೇಂದ್ರವನ್ನೇ. ಒಂದು ವಾಷರನ್ನು ಗಾಲಿಯೊಳಗೆ ಕೂಡಿಸಿ ಗಾಡಿ ಮಗುಚದಿದ್ದುದನ್ನು ಕಣ್ಣಾರೆ ಕಂಡ ವಿದ್ಯಾರ್ಥಿಗೆ ಆ ಮಾತು ಮೂರು ಭಾಷೆಗಳಲ್ಲಿಯೂ ಒಂದೇ ಆಗಿ ಉಳಿಯುತ್ತದೆ. ನಾಳೆ ಅವನು ಸಾಂಗ್ಲಿಯ ಐ.ಟಿ.ಐ. ಸೇರಲಿ, ಎಂಜಿನಿಯರಿಂಗ್ ಸೇರಲಿ, ‘ಕನ್ನಡ ಮಾಧ್ಯಮದವನು’ ಎಂದು ಹಿಂಜರಿಯಬೇಕಾಗುವುದಿಲ್ಲ.

ಕೈಯ ಕೆಲಸದಿಂದ ದೊಡ್ಡದಕ್ಕೆ ಹೋದ ನಿದರ್ಶನಗಳನ್ನು ದೂರ ಹುಡುಕಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869 ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ 1888 ರಲ್ಲಿ ಸೈಕಲ್ ಅಂಗಡಿ ಇಟ್ಟವರು. ಅವರು ತಯಾರಿಸಿದ ಕಬ್ಬಿಣದ ನೇಗಿಲನ್ನು ರೈತರು ಮೊದಮೊದಲು ಸಂಶಯದಿಂದಲೇ ನೋಡಿದರು. 1910 ರಲ್ಲಿ ಔಂಧ ಸಂಸ್ಥಾನದವರು ಕೊಟ್ಟ ಬರಡು ಭೂಮಿಯಲ್ಲಿ ಅವರು ಕಟ್ಟಿದ ಊರೇ ಕಿರ್ಲೋಸ್ಕರವಾಡಿ. ಮಿರಜದಿಂದ ಪುಣೆಗೆ ಹೋಗುವ ರೈಲಿನಲ್ಲಿ ಕೂತವರೆಲ್ಲ ಆ ನಿಲ್ದಾಣದ ಹಲಗೆಯನ್ನು ನೋಡಿದ್ದಾರೆ. ಮಿರಜದ ಸಿತಾರು ಮತ್ತು ತಂಬೂರಿಗಳ ಕತೆಯೂ ಅಂಥದೇ. ಶಸ್ತ್ರಗಳನ್ನು ಮಸೆದು ಕೊಡುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೆಯ ಶತಮಾನದಲ್ಲಿ ತಂತಿವಾದ್ಯಗಳ ಕೆಲಸಕ್ಕೆ ತಿರುಗಿದರು. ಆ ವಾದ್ಯಗಳಿಗೆ 2024 ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರಕಿತು. ತಂಬೂರಿಯ ಕುದುರೆಯ ಮೇಲ್ಮೈಯನ್ನು ಕೂದಲೆಳೆಯಷ್ಟು ಉಜ್ಜಿ ನಾದವನ್ನು ತಿದ್ದುವ ಆ ಕೈಗಳಿಗೆ ಹೆಚ್ಚು ಬೆಲೆಯ ತಂತಿ ಹಾಕಿದರೆ ಸಾಕೆಂಬ ಭ್ರಮೆ ಇರಲಿಲ್ಲ.

ಇದೆಲ್ಲದರಿಂದ ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂದು ಸ್ಪರ್ಧೆಯನ್ನು ಸೂಚಿಸುತ್ತೇನೆ. ಗಾಡಿ ಯಾವುದೇ ಇರಲಿ, ತಿದ್ದುವ ಖರ್ಚು ಇನ್ನೂರು ರೂಪಾಯಿಯನ್ನು ಮೀರಬಾರದು; ಚೀಟಿಗಳನ್ನು ತೋರಿಸಬೇಕು. ಮೊದಲ ವರ್ಷ ಮೋಟಾರನ್ನಾಗಲಿ ಬ್ಯಾಟರಿಯನ್ನಾಗಲಿ ಬದಲಿಸುವಂತಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಅದಕ್ಕೆ ಮುಂಚೆ ಗಾಡಿ ಎಷ್ಟು ಡಿಗ್ರಿ ಏರುತ್ತಿತ್ತು, ಆಮೇಲೆ ಎಷ್ಟು ಏರಿತು ಎಂಬುದನ್ನು ವಹಿಯಲ್ಲಿ ಬರೆದಿಡಬೇಕು. ಬಹುಮಾನವು ಎಲ್ಲಕ್ಕಿಂತ ಎತ್ತರ ಏರಿದ ಗಾಡಿಗೆ ಅಲ್ಲ, ಎಲ್ಲಕ್ಕಿಂತ ಹೆಚ್ಚು ಸುಧಾರಿಸಿದ ಗಾಡಿಗೆ. ಎಂಟುನೂರು ರೂಪಾಯಿಯ ಆಟಿಕೆ 18 ರಿಂದ 28 ಕ್ಕೆ ಏರಿದರೆ ಅದು ಗೆಲ್ಲಬೇಕು. ಹತ್ತು ಸಾವಿರದ ಗಾಡಿ 38 ರಲ್ಲೇ ನಿಂತಿದ್ದರೆ ಅದು ಸೋಲಬೇಕು. ಗೆದ್ದವನು ಅಥವಾ ಗೆದ್ದವಳು ತಾನು ಏನು ಮಾಡಿದೆ, ಏಕೆ ಮಾಡಿದೆ ಎಂಬುದನ್ನು ಐದು ನಿಮಿಷ ಕನ್ನಡದಲ್ಲಿ ಪಾಲಕರ ಮುಂದೆ ವಿವರಿಸಬೇಕು.

ಕಲ್ಲಿನ ಮೇಲಿನ ಪರೀಕ್ಷೆಗೆ ದಂಡೋಬಾ ಗುಡ್ಡದ ವನಭೋಜನದ ದಿನವೇ ಸಾಕು. ಅಲ್ಲಿ ಕಪ್ಪು ಕಲ್ಲಿಗೇನೂ ಬರವಿಲ್ಲ. ಹಲಗೆಯ ಪರೀಕ್ಷೆಗೆ ಕೋನಮಾಪಕವೂ ಬೇಕಾಗಿಲ್ಲ. ಐದು ಫೂಟಿನ ಹಲಗೆಯ ಒಂದು ತುದಿಯನ್ನು ಎರಡೂವರೆ ಫೂಟು ಎತ್ತಿದರೆ 30 ಡಿಗ್ರಿ, ಮೂರು ಫೂಟು ಎತ್ತಿದರೆ ಸುಮಾರು 37 ಡಿಗ್ರಿ. ಹಲಗೆಗೆ ಗೋಣಿತಟ್ಟನ್ನು ಬಿಗಿದರೆ ಎಲ್ಲ ಗಾಡಿಗಳಿಗೂ ಒಂದೇ ಬಗೆಯ ನೆಲ ದೊರೆಯುತ್ತದೆ. ಎತ್ತರವನ್ನು ಅಳೆಯುವ ಕೆಲಸವನ್ನು ಎಂಟನೆಯ ತರಗತಿಯವರಿಗೆ, ಲೆಕ್ಕ ಬರೆಯುವುದನ್ನು ಒಂಬತ್ತನೆಯವರಿಗೆ ವಹಿಸಬಹುದು. ಹತ್ತನೆಯವರು ಜನವರಿಯ ನಂತರ ಬಿಡುವಾಗಿರುವುದಿಲ್ಲ. ಆದುದರಿಂದ ಇದನ್ನು ಡಿಸೆಂಬರಿನಲ್ಲಿಯೇ ಇಟ್ಟುಕೊಳ್ಳುವುದು ಅನುಕೂಲ.